ಶುಕ್ರವಾರ ಬರುವ ಜಡ್ಜು

"ಮಿಸ್, ಬೇರೆ ಚೀಟಿ ಎತ್ಲಾ?" ಎಂದಳು ಮಾರ್ಲೆನಿ.

"ಊಹೂಂ. ಕೈಗೆ ಬಂದಿದ್ದೇ ನಿಂದು," ಎಂದ ಮಿಸ್ ಹೋಲ್ಟ್ ಚೀಟಿಗಳಿದ್ದ ಟೋಪಿಯನ್ನು ಮುಂದಿನ ಬೆಂಚಿಗೆ ದಾಟಿಸಿಯೇಬಿಟ್ಟರು.

ಮಾರ್ಲೆನಿ ಚೀಟಿಯನ್ನು ಮತ್ತೊಮ್ಮೆ ಬಿಡಿಸಿ ನೋಡಿದಳು. ಎಷ್ಟು ಸಲ ನೋಡಿದರೂ ಅದರಲ್ಲಿ 'ವಾಪಸ್ ಕಳಿಸಬೇಕು' ಎಂದೇ ಇತ್ತು.

ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದರು: 'ದೊಡ್ಡವರಿಲ್ಲದೆ ಒಂಟಿಯಾಗಿ ಗಡಿ ದಾಟಿ ಬಂದ ಮಕ್ಕಳನ್ನು ನಮ್ಮ ದೇಶ ಇಟ್ಟುಕೊಳ್ಳಬೇಕೋ, ವಾಪಸ್ ಕಳಿಸಬೇಕೋ?'

ನೆಬ್ರಾಸ್ಕದ ಆ ಪುಟ್ಟ ಊರಿನಲ್ಲಿ ಈಗ ಎಲ್ಲೆಲ್ಲೂ ಇದೇ ಮಾತು. ರೈಲ್ವೆ ಗೇಟಿನ ಪಕ್ಕ ಮುಚ್ಚಿಹೋಗಿದ್ದ ಹಳೆಯ ಹೋಟೆಲಿನಲ್ಲಿ ಅಂಥ ಮಕ್ಕಳಿಗಾಗಿ ಒಂದು ಹಾಸ್ಟೆಲ್ ತೆರೆಯುತ್ತಾರಂತೆ ಎಂಬ ಸುದ್ದಿ ಬಂದಿದ್ದೇ ತಡ, ಊರು ಎರಡು ಹೋಳಾಯಿತು. ಅರ್ಧ ಮನೆಗಳ ಮುಂದೆ 'ಬರಲಿ' ಎಂಬ ಬೋರ್ಡು, ಇನ್ನರ್ಧ ಮನೆಗಳ ಮುಂದೆ 'ಬೇಡ' ಎಂಬ ಬೋರ್ಡು. ಒಂದು ಮನೆಯ ಮುಂದೆ ಎರಡೂ ಇದ್ದವು. ಆ ಮನೆಯ ಗಂಡ ಹೆಂಡತಿ ಮಾತು ಬಿಟ್ಟು ಎರಡು ವಾರವಾಯಿತು ಎಂದು ಸ್ಕೂಲ್ ಬಸ್ಸಿನ ಡ್ರೈವರ್ ಹೇಳಿದ್ದ. ಐದನೇ ಕ್ಲಾಸಿನ ಮಕ್ಕಳು ಬಿಡುತ್ತಾರೆಯೇ? ಡಿಬೇಟ್‌ಗೆ ಯಾವ ವಿಷಯ ಎಂದು ಮಿಸ್ ಕೇಳಿದಾಗ ಎಲ್ಲರೂ ಇದಕ್ಕೇ ಕೈ ಎತ್ತಿದ್ದರು.

ಕೈ ಎತ್ತದೆ ಕೂತವಳು ಮಾರ್ಲೆನಿ ಒಬ್ಬಳೇ. ಏಕೆಂದರೆ ಒಂಬತ್ತನೇ ವಯಸ್ಸಿನಲ್ಲಿ ಹೊಂಡುರಾಸ್‌ನಿಂದ ಒಬ್ಬಳೇ ಗಡಿ ದಾಟಿ ಬಂದ ಹುಡುಗಿ ಅವಳು. ಇದು ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡು ತಿಂಗಳ ಹಿಂದಷ್ಟೇ ಊರಿಗೆ ಬಂದಿದ್ದ ಮಿಸ್ ಹೋಲ್ಟ್‌ಗಂತೂ ಗೊತ್ತಿರಲು ಸಾಧ್ಯವೇ ಇರಲಿಲ್ಲ. "ಕೋರ್ಟಿನ ವಿಷಯ ಹೊರಗೆ ಬಾಯಿ ಬಿಡಬೇಡ," ಎಂದು ಅವಳನ್ನು ಸಾಕುತ್ತಿದ್ದ ಡೆಲ್ಮಿ ಚಿಕ್ಕಮ್ಮ ಮೊದಲ ದಿನವೇ ಹೇಳಿಕೊಟ್ಟಿದ್ದರು.

"ಇನ್ನೊಂದು ವಿಷಯ," ಎಂದರು ಮಿಸ್ ಹೋಲ್ಟ್. "ಶುಕ್ರವಾರ ಜಡ್ಜ್ ಬರ್ತಾರೆ. ಎಲ್ರೂ ನೀಟಾಗಿ ಬಟ್ಟೆ ಹಾಕ್ಕೊಂಡು ಬನ್ನಿ. ಜಡ್ಜ್ ಹೇಳಿದ್ದೇ ಫೈನಲ್. ಅಪೀಲು ಗಿಪೀಲು ಏನೂ ಇಲ್ಲ."

ಮಾರ್ಲೆನಿ ಚೀಟಿಯನ್ನು ಮಡಚಿ ಪುಸ್ತಕದೊಳಗೆ ತುರುಕಿದಳು.

"ಅಪೀಲು ಅಂದ್ರೇನು ಮಿಸ್?" ಎಂದು ಯಾರೋ ಕೇಳಿದರು.

"ಜಡ್ಜ್ ಬೇಡ ಅಂದ ಮೇಲೆ ಇನ್ನೂ ದೊಡ್ಡ ಜಡ್ಜ್‌ನ ಕೇಳೋದು. ಮೂವತ್ತು ದಿನದೊಳಗೆ ಕೇಳ್ಬೇಕು," ಎಂದು ಮಾರ್ಲೆನಿ ತನಗರಿವಿಲ್ಲದೆ ಹೇಳಿಬಿಟ್ಟಳು.

"ಭಲೇ! ನೀನು ಲಾಯರ್ ಆಗ್ತೀಯ ಬಿಡು," ಎಂದು ಮಿಸ್ ಹೋಲ್ಟ್ ಚಪ್ಪಾಳೆ ತಟ್ಟಿದರು. ಮಾರ್ಲೆನಿಗೆ ಮಾತ್ರ ಬೆಂಚಿನ ಕೆಳಗೆ ತೂರಿಕೊಳ್ಳೋಣ ಎನಿಸಿತು.

ಅವಳು ಈ ದೇಶದಲ್ಲಿ ಉಳಿಯಬಹುದೋ ಇಲ್ಲವೋ ಎಂದು ತೀರ್ಮಾನಿಸುವ ಕೋರ್ಟಿನ ತಾರೀಕು ಮಾರ್ಚ್ ಹನ್ನೊಂದು. ಆದರೆ ಆ ತಾರೀಕು ಈಗಾಗಲೇ ಮೂರು ಸಲ ಬದಲಾಗಿತ್ತು. ಒಮ್ಮೆ ಓಮಹಾ ನಗರಕ್ಕೆ ಬನ್ನಿ ಎಂದರು. ಅಲ್ಲಿಗೆ ಹೋದರೆ ಜಡ್ಜ್ ಇನ್ನೆಲ್ಲೋ ಕೂತು ಟೀವಿ ಪರದೆಯಲ್ಲಿ ಕಾಣಿಸಿಕೊಂಡರು. ಟೀವಿಯಲ್ಲಿ ಬರುವ ಜಡ್ಜ್ ಸ್ಕೂಲಿಗೆ ಯಾಕೆ ಬರಬಾರದು? ಬಂದರೆ ಗತಿಯೇನು? ಜಡ್ಜ್ ಮುಂದೆ ನಿಂತು ಅವಳ ಬಾಯಿಂದಲೇ 'ಇಂಥ ಮಕ್ಕಳನ್ನು ವಾಪಸ್ ಕಳಿಸಿ' ಎಂದು ಹೇಳಿಸುತ್ತಾರಲ್ಲ!

ಚಿಕ್ಕಮ್ಮನನ್ನು ಕೇಳೋಣವೆಂದರೆ ಅವರಿಗೆ ಮಾಂಸದ ಫ್ಯಾಕ್ಟರಿಯಲ್ಲಿ ಮಧ್ಯಾಹ್ನದ ಶಿಫ್ಟು. ಮಾರ್ಲೆನಿ ಸ್ಕೂಲಿಂದ ಬರುವ ಹೊತ್ತಿಗೆ ಅವರು ಹೊರಟಿರುತ್ತಿದ್ದರು, ಬೆಳಿಗ್ಗೆ ಅವಳು ಹೊರಡುವಾಗ ಮಲಗಿರುತ್ತಿದ್ದರು. ಇಬ್ಬರ ಮಾತುಕತೆ ನಡೆಯುತ್ತಿದ್ದುದು ಫ್ರಿಜ್ ಮೇಲೆ ಅಂಟಿಸುವ ಚೀಟಿಗಳಲ್ಲಿ. ಚಿಕ್ಕಮ್ಮನನ್ನು ಅವಳು ಕರೆಯುತ್ತಿದ್ದುದು ತಿಯಾ ಎಂದು. ಅವಳು ಬರೆದಳು: 'ತಿಯಾ, ಶುಕ್ರವಾರ ಎರಡು ಗಂಟೆಗೆ ಜಡ್ಜ್ ನಮ್ಮ ಸ್ಕೂಲಿಗೇ ಬರ್ತಾರಂತೆ. ಅಪೀಲು ಇಲ್ವಂತೆ.'

ಬೆಳಿಗ್ಗೆ ಅದರ ಕೆಳಗೆ ಉತ್ತರವಿತ್ತು: 'ಅಯ್ಯೋ ದೇವರೇ. ಬಿಳಿ ಫ್ರಾಕ್ ಇಸ್ತ್ರಿ ಮಾಡಿದ್ದೀನಿ. ಜಡ್ಜ್ ಮುಂದೆ ಬರೀ ನಿಜ ಹೇಳು. ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಬೀನ್ಸ್ ಒಲೆ ಮೇಲಿದೆ.'

ಬಸ್ಸಿನಲ್ಲಿ ಅವಳ ಕ್ಲಾಸಿನ ಡಾಲ್ಟನ್ ಪಕ್ಕದ ಸೀಟಿಗೆ ಬಂದು ದೊಪ್ಪನೆ ಕೂತ. ಅವನ ಮುಖವೂ ಹರಳೆಣ್ಣೆ ಕುಡಿದಂತಿತ್ತು.

"ನಂಗೆ 'ಇಟ್ಟುಕೊಳ್ಳಬೇಕು' ಚೀಟಿ ಬಂದಿದೆ," ಎಂದ. "ನಮ್ಮಪ್ಪ ನೋಡೋಕೆ ಬರ್ತಾರೆ. ನಮ್ಮನೆ ಮುಂದೆ ಇರೋ 'ಬೇಡ' ಬೋರ್ಡು ಊರಲ್ಲೇ ದೊಡ್ಡದು ಗೊತ್ತಾ? ಅದಕ್ಕೆ ಲೈಟ್ ಬೇರೆ ಹಾಕಿದ್ದಾರೆ. ಅಪ್ಪನ ಮುಂದೆ ನಾನು 'ಬರಲಿ' ಅಂದ್ರೆ ಮನೇಲಿ ನನ್ನ ಬಿಡ್ತಾರಾ?"

"ನಂದು 'ಕಳಿಸಬೇಕು'. ಒಂದು ಪಾಯಿಂಟೂ ಹೊಳೀತಿಲ್ಲ."

"ಅದ್ರಲ್ಲೇನು ಕಷ್ಟ? ನಂಗೆ ಕಂಠಪಾಠ. ದಿನಾ ಊಟದ ಹೊತ್ತಲ್ಲಿ ಅಪ್ಪ ಹೇಳ್ತಾನೇ ಇರ್ತಾರೆ. ಬರ್ಕೋ. ಒಂದು, ಈ ಬಸ್ಸಲ್ಲಿ ಎಷ್ಟು ಸೀಟಿದೆಯೋ ಅಷ್ಟೇ ಜನ ಕೂರಬೇಕು. ಎರಡು, ಅವ್ರ ಖರ್ಚಿಗೆ ದುಡ್ಡು ಯಾರದು? ನಮ್ಮಪ್ಪಂದು. ಮೂರು, ಅವ್ರೆಲ್ಲ ಲೈನಲ್ಲಿ ಬರಬೇಕು. ಮಧ್ಯ ತೂರಬಾರದು."

"ಆ ಲೈನ್ ಎಲ್ಲಿದೆ?"

"ಹಾಂ?"

"ಲೈನಲ್ಲಿ ಬರಬೇಕು ಅಂದ್ಯಲ್ಲ. ಎಲ್ಲಿ ಶುರುವಾಗುತ್ತೆ? ನಾನು ನೋಡ್ಲೇ ಇಲ್ಲ." ಮಾರ್ಲೆನಿ ನಾಲಿಗೆ ಕಚ್ಚಿಕೊಂಡಳು. "ಅಂದ್ರೆ, ಟೀವೀಲಿ ನೋಡ್ಲಿಲ್ಲ."

ಡಾಲ್ಟನ್ ತಲೆ ಕೆರೆದುಕೊಂಡ. "ಅದು ಅಪ್ಪ ಹೇಳಿಲ್ಲ. ಇದೆ ಅಂತಾರೆ. ಅವ್ರು ಹೆಂಗಿರ್ತಾರೆ ಅಂದ್ರೆ, ಅವ್ರು..."

"ಯಾರು?"

"ಅವ್ರೇ. ಒಂಟಿಯಾಗಿ ಬರೋರು."

"ನೀನು ಅಂಥೋರನ್ನ ನೋಡಿದ್ದೀಯಾ?"

"ಈ ಊರಲ್ಲಿ ಎಲ್ಲಿಂದ ಬರ್ತಾರೆ?" ಎಂದ ಡಾಲ್ಟನ್ ಅವಳ ಪ್ಯಾಕೆಟ್ಟಿನಿಂದ ಬಾಳೆಕಾಯಿ ಚಿಪ್ಸ್ ತೆಗೆದು ಬಾಯಿಗೆ ಹಾಕಿಕೊಂಡ. ಎರಡು ವರ್ಷದಿಂದ ಅವಳ ಚಿಪ್ಸ್ ತಿನ್ನುತ್ತಿದ್ದ ಹುಡುಗ ಅವನು.

ಅವನ ಪಾಯಿಂಟುಗಳಿಗೆ ಬದಲಾಗಿ ಅವಳೂ ಅವನಿಗೆ ಹೇಳಿಕೊಟ್ಟಳು. ಮಕ್ಕಳು ಸುಮ್ಮನೆ ಮನೆ ಬಿಟ್ಟು ಬರುವುದಿಲ್ಲ. ದಾರಿಯಲ್ಲಿ ನೀರೂ ಸಿಗುವುದಿಲ್ಲ. ಬಂದ ಮೇಲೆ ಅವರೂ ಹೋಂವರ್ಕ್ ಮಾಡುತ್ತಾರೆ. ಡಾಲ್ಟನ್ ಬರೆದುಕೊಂಡು ಬರೆದುಕೊಂಡು ಸುಸ್ತಾದ. "ನಿಂಗೆ ಇಷ್ಟೆಲ್ಲ ಹೆಂಗೆ ಗೊತ್ತು?" ಎಂದ.

"ಲೈಬ್ರರಿ," ಎಂದಳು ಮಾರ್ಲೆನಿ. ಅಷ್ಟು ಹೊತ್ತಿಗೆ ಅವಳ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು. ಜಡ್ಜ್ ಮುಂದೆ ಸುಳ್ಳು ಹೇಳದೆ ಈ ದೇಶದಲ್ಲಿ ಉಳಿಯಲು ಒಂದೇ ದಾರಿ: ಹೇಗಾದರೂ ಮಾಡಿ ತನ್ನ ತಂಡ ಸೋಲಬೇಕು.

ಶುಕ್ರವಾರ ಎರಡು ಗಂಟೆಗೆ ಸ್ಕೂಲಿನ ಊಟದ ಹಾಲ್ ತುಂಬಿತ್ತು. ಡಾಲ್ಟನ್‌ನ ಅಪ್ಪ ರಾಯ್ಸ್ ಮುಂದಿನ ಸಾಲಿನಲ್ಲಿ ಕೈಕಟ್ಟಿಕೊಂಡು ಕೂತಿದ್ದರು. ಬಾಗಿಲ ಹತ್ತಿರ ನೋಡಿದರೆ ಡೆಲ್ಮಿ ಚಿಕ್ಕಮ್ಮ! ಚರ್ಚಿಗೆ ಉಡುವ ಹಸಿರು ಬಟ್ಟೆ, ಕಂಕುಳಲ್ಲಿ ಕೋರ್ಟಿನ ಕಾಗದಗಳ ದಪ್ಪ ಫೈಲು. ಕೋರ್ಟಿಗಲ್ಲದೆ ಎರಡು ವರ್ಷದಲ್ಲಿ ಒಂದು ದಿನವೂ ರಜೆ ಹಾಕದವರು ಇವತ್ತು ರಜೆ ಹಾಕಿ ಬಂದಿದ್ದರು. ಅವರನ್ನು ನೋಡಿ ಮಾರ್ಲೆನಿಗೆ ಧೈರ್ಯ ಬಂತು.

ವೇದಿಕೆಯ ಕುರ್ಚಿಯಲ್ಲಿ ಜಡ್ಜ್ ಬಂದು ಕೂತರು. ಬೆಳ್ಳಗಿನ ಕೂದಲಿನ ಅಜ್ಜಿ, ಹೆಸರು ಮಿಸೆಸ್ ವರ್ನಾ. ಕಪ್ಪು ಕೋಟು ತೊಟ್ಟಿರಲಿಲ್ಲ, ಸೂರ್ಯಕಾಂತಿ ಹೂವಿನ ಚಿತ್ರದ ಸ್ವೆಟರ್ ಹಾಕಿದ್ದರು. ರಜೆಯ ದಿನದ ಕೋಟು ಇರಬೇಕು ಎಂದುಕೊಂಡಳು ಮಾರ್ಲೆನಿ.

ಮೊದಲು ಡಾಲ್ಟನ್ ಮಾತಾಡಿದ. ಅಪ್ಪನ ಮುಖ ನೋಡಬಾರದೆಂದು ಚಾವಣಿ ನೋಡುತ್ತಾ, ಒಂದೇ ಉಸಿರಿನಲ್ಲಿ ಎಲ್ಲ ಒದರಿದ. ಆದರೂ ಜನ ಚಪ್ಪಾಳೆ ಹೊಡೆದರು. ರಾಯ್ಸ್ ಕಟ್ಟಿದ ಕೈ ಅರ್ಧ ಬಿಚ್ಚಿ, ಮಗನಿಗೆ ಚಪ್ಪಾಳೆ ತಟ್ಟಬೇಕೋ ಬೋರ್ಡಿಗೆ ನಿಷ್ಠರಾಗಿರಬೇಕೋ ತಿಳಿಯದೆ, ಆ ಕೈಗಳಿಂದ ಮೀಸೆ ತಿರುವಿಕೊಂಡರು.

ಮಾರ್ಲೆನಿಯ ಸರದಿ ಬಂತು. "ಬಸ್ಸಲ್ಲಿ ಸೀಟು ಎಷ್ಟಿದೆಯೋ ಅಷ್ಟೇ ಜನ ಕೂರಬೇಕು," ಎಂದಳು ಗುಬ್ಬಚ್ಚಿಯ ದನಿಯಲ್ಲಿ. "ಆದ್ರೆ ನಮ್ಮ ಬಸ್ಸಲ್ಲಿ ಒಂಬತ್ತು ಸೀಟು ಖಾಲಿ ಇದೆ." ಅವಳ ತಂಡದ ಇಬ್ಬರು ಹುಡುಗಿಯರು ಅವಳನ್ನು ದುರುಗುಟ್ಟಿ ನೋಡಿದರು.

"ಜೋರಾಗಿ ಹೇಳು ಪುಟ್ಟಾ," ಎಂದರು ಮಿಸೆಸ್ ವರ್ನಾ. "ನಾನು ಯಾರನ್ನಾದ್ರೂ ಕೇಳೋದು ಒಂದೇ ಪ್ರಶ್ನೆ. ಹೆಂಗೆ ಮಾಡ್ತೀರಿ? ಮೊದಲು ಏನು, ಆಮೇಲೆ ಏನು? ವಾಪಸ್ ಕಳಿಸಬೇಕು ಅಂತೀಯ. ಸರಿ. ಹೆಂಗೆ ಕಳಿಸ್ತೀಯ?"

ಜಡ್ಜ್ ಕೇಳಿದ್ದಕ್ಕೆ ನಿಜವನ್ನೇ ಹೇಳಬೇಕು. ಮಾರ್ಲೆನಿ ಬಾಗಿಲ ಬಳಿ ನಿಂತ ಚಿಕ್ಕಮ್ಮನನ್ನು ನೋಡಿದಳು.

"ಮೊದಲು ವಿಮಾನ," ಎಂದಳು. "ಹೊಂಡುರಾಸ್‌ನ ಸಾನ್ ಪೆದ್ರೊದಲ್ಲಿ ಇಳಿಸ್ಬೇಕು. ಅಲ್ಲಿಂದ ಬಸ್ಸು, ಐದು ಗಂಟೆ. ಮುಂದಿನ ಸೀಟಲ್ಲೇ ಕೂರಿಸ್ಬೇಕು, ಹಿಂದೆ ಕೂತ್ರೆ ವಾಂತಿ ಬರುತ್ತೆ." ಯಾರೋ ನಕ್ಕರು. "ಸೇತುವೆ ಆದ್ಮೇಲೆ ಇಳೀಬೇಕು. ಅಲ್ಲಿ ಒಂದು ನಾಯಿ ಇರುತ್ತೆ, ಅದು ಬೊಗಳುತ್ತೆ ಅಷ್ಟೇ, ಕಚ್ಚಲ್ಲ. ಗುಡ್ಡ ಹತ್ತಬೇಕು. ಮೇಲೆ ನೀಲಿ ಬಾಗಿಲಿನ ಮನೆ. ಬಾಗಿಲು ತಟ್ಟಬೇಕು."

"ಆಮೇಲೆ?"

"ಆಮೇಲೆ ಮಮಿತಾ ಬಂದು ಬಾಗಿಲು ತೆಗೀಬೇಕು. ಮಮಿತಾ ಅಂದ್ರೆ ನಮ್ಮಜ್ಜಿ." ಮಾರ್ಲೆನಿ ಫ್ರಾಕಿನ ಅಂಚು ಎಳೆದು ಸರಿಮಾಡಿಕೊಂಡಳು. "ಆದ್ರೆ ಮಮಿತಾ ತೀರಿಕೊಂಡ್ರು. ಅದಕ್ಕೇ ನಾನು ಬಂದಿದ್ದು. ಬಾಗಿಲು ತಟ್ಟಿದ ಮೇಲೆ ಏನು ಮಾಡ್ಬೇಕು ಅಂತ ನಂಗೆ ಗೊತ್ತಿಲ್ಲ ಮೇಡಂ."

ಮಿಸ್ ಹೋಲ್ಟ್ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಡಾಲ್ಟನ್ ಚಾವಣಿ ನೋಡುವುದನ್ನು ಬಿಟ್ಟು ಮಾರ್ಲೆನಿಯನ್ನು ನೋಡಿದ.

ಮಿಸೆಸ್ ವರ್ನಾ ಕನ್ನಡಕ ತೆಗೆದು ಒರೆಸಿಕೊಂಡರು. ತುಂಬಾ ಹೊತ್ತು ಒರೆಸಿದರು. "ಮಾಡೋ ವಿಧಾನ ಅರ್ಧಕ್ಕೇ ನಿಂತಿದೆ," ಎಂದರು. "ಅರ್ಧ ವಿಧಾನಕ್ಕೆ ನಾನು ಜೀವಮಾನದಲ್ಲಿ ಪ್ರೈಜ್ ಕೊಟ್ಟಿಲ್ಲ. 'ಇಟ್ಟುಕೊಳ್ಳಬೇಕು' ತಂಡ ಗೆದ್ದಿದೆ."

"ಸೋತ್ವಿ!" ಎಂದು ಮಾರ್ಲೆನಿ ಕುಪ್ಪಳಿಸಿದಳು. "ತಿಯಾ, ನಾನು ಸೋತೆ!"

ಚಿಕ್ಕಮ್ಮ ಜನರನ್ನು ತಳ್ಳಿಕೊಂಡು ಬಂದು ವೇದಿಕೆ ಹತ್ತಿದರು. ಎರಡೂ ಕೈಯಲ್ಲಿ ಫೈಲು ಹಿಡಿದು ಮಿಸೆಸ್ ವರ್ನಾ ಮುಂದೆ ಚಾಚಿದರು. ಅವರಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ಹೊರಗೆ ಬಂತು: "ಯುವರ್ ಆನರ್. ಎಲ್ಲ ಇದೆ. ಥ್ಯಾಂಕ್ಯೂ. ಗುಡ್ ಗರ್ಲ್."

ಮಿಸೆಸ್ ವರ್ನಾ ಒಂದೊಂದೇ ಹಾಳೆ ತಿರುವಿದರು. ಜನನ ಪತ್ರ, ಲಸಿಕೆ ಕಾರ್ಡು, ಮಾರ್ಕ್ಸ್ ಕಾರ್ಡು, ಎಲ್ಲಕ್ಕೂ ಬಣ್ಣದ ಪಟ್ಟಿ ಅಂಟಿಸಿತ್ತು. "ಇಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದನ್ನ ನಾನು ನೋಡೇ ಇಲ್ಲ. ನನ್ನ ಕೈಲಿದ್ದಿದ್ರೆ ಇದಕ್ಕೆ ಈಗಲೇ ಮೊದಲ ಬಹುಮಾನದ ನೀಲಿ ರಿಬ್ಬನ್ ಕಟ್ತಿದ್ದೆ. ಆದ್ರೆ ನಾನು ಕೋರ್ಟಿನ ಜಡ್ಜ್ ಅಲ್ಲಮ್ಮ. ಕೌಂಟಿ ಮೇಳದ ಅಡುಗೆ ಸ್ಪರ್ಧೇಲಿ ಮೂವತ್ತು ವರ್ಷದಿಂದ ಉಪ್ಪಿನಕಾಯಿ ಜಡ್ಜ್."

"ಏನಂತಾರೆ?" ಎಂದು ಚಿಕ್ಕಮ್ಮ ಕೇಳಿದರು.

"ಇವ್ರು ಉಪ್ಪಿನಕಾಯಿ ಜಡ್ಜಂತೆ ತಿಯಾ."

"ಉಪ್ಪಿನಕಾಯಿಗೂ ಕೋರ್ಟಿದೆಯಾ ಈ ದೇಶದಲ್ಲಿ?" ಎಂದರು ಚಿಕ್ಕಮ್ಮ. ಮಾರ್ಲೆನಿ ಅದನ್ನು ಇಂಗ್ಲಿಷಿಗೆ ಹೇಳಿದ್ದೇ ತಡ, ಮಿಸೆಸ್ ವರ್ನಾ ಕುರ್ಚಿ ಅಲ್ಲಾಡುವಂತೆ ನಕ್ಕರು. ಆಮೇಲೆ ಚಿಕ್ಕಮ್ಮನೂ ನಕ್ಕರು. ನಗುತ್ತಲೇ ಫೈಲನ್ನು ಎದೆಗವಚಿಕೊಂಡು ಕಣ್ಣೊರೆಸಿಕೊಂಡರು. ಮಾರ್ಲೆನಿಗೂ ನಗು ಬಂತು, ಆದರೆ ಅದು ಅರ್ಧಕ್ಕೇ ನಿಂತಿತು. ಇವರು ಆ ಜಡ್ಜ್ ಅಲ್ಲವೆಂದರೆ, ಆ ಜಡ್ಜ್ ಇನ್ನೂ ಬಾಕಿ ಇದ್ದಾರೆ.

ಹೊರಗೆ ಜನ ತುಳಿದ ಹಿಮದಿಂದ ರಸ್ತೆಯೆಲ್ಲ ರಾಡಿಯಾಗಿತ್ತು. ಕಾರಿನ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಯಾರೋ ಓಡಿ ಬಂದರು. ಡಾಲ್ಟನ್. ಅತ್ತ ಅವನಪ್ಪ ಗಾಡಿಯಲ್ಲಿ ಕೂತು ಒಂದು ಸಲ ಹಾರ್ನ್ ಹೊಡೆದರು. ಎರಡನೇ ಸಲ ಹೊಡೆಯಲಿಲ್ಲ.

ಡಾಲ್ಟನ್ ಬೂಟಿನಿಂದ ಹಿಮ ಕೆದಕುತ್ತಾ ನಿಂತ.

"ನಿಜವಾದ ಜಡ್ಜ್ ಯಾವತ್ತು?" ಎಂದ ಕೊನೆಗೆ.

"ಮಾರ್ಚ್ ಹನ್ನೊಂದು. ಬೆಳಿಗ್ಗೆ ಒಂಬತ್ತಕ್ಕೆ."

ಅವನು ಕೈಗವಸನ್ನು ಹಲ್ಲಿನಿಂದ ಕಚ್ಚಿ ಎಳೆದ. ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡ. ಚಳಿಗೆ ಪೆನ್ನು ಮೂಡಲಿಲ್ಲ. ಬಾಯಿಂದ ಹಬೆ ಊದಿ, ಮತ್ತೆ ಒತ್ತಿ ಬರೆದ. ಒಂಬತ್ತು ಗಂಟೆ ಎಂಬುದನ್ನೂ ಬರೆದು, ಅಳಿಸಿಹೋಗದಂತೆ ಮುಷ್ಟಿ ಬಿಗಿದುಕೊಂಡು, ಅಪ್ಪನ ಗಾಡಿಯ ಕಡೆ ಓಡಿದ.

ಮಾರ್ಲೆನಿ ಕಾರಿನಲ್ಲಿ ಕೂತು ಕಿಟಕಿಗೆ ಹಣೆ ಒತ್ತಿದಳು. ಆ ತಾರೀಕಿಗೆ ಇಷ್ಟು ದಿನ ಈ ಊರಿನಲ್ಲಿ ಹೆದರುತ್ತಿದ್ದವರು ಇಬ್ಬರೇ, ಅವಳು ಮತ್ತು ಚಿಕ್ಕಮ್ಮ. ಇವತ್ತಿನಿಂದ ಮೂವರು.