ನಾಲ್ಕು ಬೆರಳು ಗಾಳಿ

ಅವನು ನನ್ನ ಜೊತೆ ಮೊದಲನೇ ಸಲ ಮಾತಾಡಿದಾಗ ನಾನು ಚಪ್ಪಲಿಗೆ ಕೈ ಹಾಕಿದ್ದೆ.

ಯಾರಾದರೂ ಹಾಕುತ್ತಿದ್ದರು ಬಿಡಿ. ಗಂಡಿನ ಕಡೆಯವರಿಗೆ ಕೊಡುವುದಕ್ಕೆ ಒಂದು ಫೋಟೊ ಬೇಕು ಅಂತ ಮೂಗಮ್ಮತ್ತೆ ನನ್ನನ್ನು ಚಳ್ಳಕೆರೆ ಪೇಟೆಯ ಆ ಸ್ಟುಡಿಯೊಗೆ ಎಳೆದುಕೊಂಡು ಹೋಗಿದ್ದಳು. ಮುಂದೆ ಸ್ಟುಡಿಯೊ, ಹಿಂದೆ ಅವನ ಮನೆ, ಗೋಡೆ ತುಂಬ ಕಟ್ಟು ಹಾಕಿಸಿದ ದೇವರ ಪಟಗಳು. ಅತ್ತೆ ಹೊರಗೆ ಹೂವಿನವಳ ಜೊತೆ ಚೌಕಾಸಿ ಮಾಡುತ್ತಿದ್ದಳು. ನಾನು ಒಳಗೆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದ ಗಾಜಿನ ತೊಟ್ಟಿಯಲ್ಲಿ ಏನೋ ಹರಿದಾಡಿತು. ಗೇಣುದ್ದದ ಬೂದು ಮೈ, ಬೆನ್ನುದ್ದಕ್ಕೂ ಗರಗಸದ ಹಲ್ಲಿನಂಥ ರೆಕ್ಕೆಗಳು. ಹಾವೋ ಮೀನೋ ಗೊತ್ತಾಗಲಿಲ್ಲ.

"ಏನ್ರೀ ಇದು?" ಅಂದೆ.

ಪರದೆಯ ಹಿಂದಿನಿಂದ ಗಂಡಸಿನ ದನಿ ಬಂತು. "ಬಿಚಿರ್."

"ಏನಂದ್ರಿ?"

"ಬಿಚಿರ್ ರೀ, ಬಿಚಿರ್!"

ನನ್ನ ಕಿವಿಗೆ ಬಿದ್ದದ್ದು 'ಬಿಚ್ಚಿರಿ'. ಮೈಯೆಲ್ಲ ಉರಿದುಹೋಯಿತು. "ಏನೋ ಬಿಚ್ಚೋದು? ಫೋಟೊ ತೆಗೆಸಾಕೆ ಬಂದೋರಿಗೆ ಹಿಂಗೇನೋ ಹೇಳೋದು? ಅತ್ತೇ, ಬಾರೇ ಇಲ್ಲಿ!"

ಪರದೆ ಸರಿಸಿ ಹೊರಗೆ ಬಂದವನು ಬಡಕಲು ಹುಡುಗ. ಕೈಯಲ್ಲಿ ಗಾಜು ಕೊಯ್ಯುವ ಕಡ್ಡಿ. ನನ್ನ ಕೈಯಲ್ಲಿದ್ದ ಚಪ್ಪಲಿ ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಮೀನಿನ ಹೆಸ್ರು ಕಣ್ರೀ! ದೇವ್ರಾಣೆ, ಅದರ ಹೆಸ್ರೇ ಅದು!"

ಅತ್ತೆಗೆ ವಿಷಯ ತಿಳಿದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ಬಂತು, ಆದರೆ ಸೋಲಬಾರದು ಅಂತ ತುಟಿ ಕಚ್ಚಿಕೊಂಡೆ. ಅವನು ಕ್ಯಾಮೆರಾ ಎತ್ತಿ "ಹಂಗೇ ಇರ್ರಿ" ಅಂದ, ಒತ್ತಿದ.

"ಇನ್ನೊಂದು ತೆಗಿಯಪ್ಪಾ, ಇದ್ರಾಗೆ ಸಿಟ್ಟು ಕಾಣ್ತೈತೆ," ಅಂದಳು ಅತ್ತೆ.

"ಇದಕ್ಕಿಂತ ಚೆಂದ ಬರಲ್ರೀ," ಅಂದ. ಅಷ್ಟು ಹೇಳಿ ಪರದೆಯೊಳಗೆ ಹೋದವನು ದುಡ್ಡು ಕೇಳುವುದಕ್ಕೂ ಹೊರಗೆ ಬರಲಿಲ್ಲ.

ಅವನ ಹೆಸರು ಓಬಳೇಶ್. ನಾನು ಪಾಠ ಹೇಳುತ್ತಿದ್ದ ನರ್ಸರಿ ಅಲ್ಲಿಂದ ಒಂದು ಬೀದಿ ಆಚೆ. ಫೋಟೊ ತರಲು ಹೋದೆ, ಆಮೇಲೆ ಮಕ್ಕಳ ಚಾರ್ಟಿಗೆ ಕಟ್ಟು ಹಾಕಿಸಲು ಹೋದೆ, ಆಮೇಲೆ ನೆಪ ಹುಡುಕುವುದನ್ನೇ ಬಿಟ್ಟೆ. ಶಾಲೆ ಬಿಟ್ಟ ಕೂಡಲೇ ಕಾಲು ತಾನಾಗಿ ಆ ಕಡೆ ತಿರುಗುತ್ತಿತ್ತು.

ಮೊದಲು ಅವನು ಬಣ್ಣಬಣ್ಣದ ಗೋಲ್ಡ್‌ಫಿಷ್ ಸಾಕಿದ್ದನಂತೆ. ನಮ್ಮೂರಿನ ಲೋಡ್ ಶೆಡ್ಡಿಂಗ್ ಗೊತ್ತಲ್ಲ, ಕರೆಂಟು ಹೋಗಿ ಗಾಳಿ ಮೋಟರು ನಿಂತು ಒಂದೇ ಬೇಸಿಗೆಯಲ್ಲಿ ಎಲ್ಲವೂ ತೇಲಿದವು. ಗಾಜು ತರಲು ಬೆಂಗಳೂರಿಗೆ ಹೋದಾಗ ಮೀನಿನ ಅಂಗಡಿಯವನು ಈ ಬಿಚಿರ್ ಜೋಡಿ ಕೊಟ್ಟನಂತೆ.

"ಇದು ಕರೆಂಟ್ ನಂಬ್ಕಂಡಿಲ್ಲ ಟೀಚರೇ. ತಾನೇ ಮೇಲಕ್ ಬಂದು ಗಾಳಿ ಕುಡ್ಕಂಡು ಹೋಗುತ್ತೆ, ನೋಡ್ರಿ."

ನೋಡಿದೆ. ಮರಳಿನ ಮೇಲೆ ಸುಮ್ಮನೆ ಮಲಗಿದ್ದದ್ದು ಸರ್ರನೆ ಮೇಲೆ ಬಂದು, ಒಂದು ಗುಟುಕು ಗಾಳಿ ತೆಗೆದುಕೊಂಡು ಮತ್ತೆ ಕೆಳಗಿಳಿಯಿತು. ಮುಖದಲ್ಲಿ ಯಾವಾಗಲೂ ಒಂದು ಸಣ್ಣ ನಗು. ನೀರಿನೊಳಗೆ ಎರೆಹುಳು ಹಿಡಿದರೆ ಅದು ವಾಸನೆ ಹಿಡಿದು ಬರುತ್ತಿತ್ತು. ಹುಳು ಎದುರಿಗಿದ್ದರೂ ಪಕ್ಕದ ಕಲ್ಲಿಗೆ ಬಾಯಿ ಹಾಕುತ್ತಿತ್ತು.

"ಕಣ್ಣು ಮಂದ," ಅಂದ.

"ಸಾಕಿದೋರ ಹಂಗೇ," ಅಂದೆ.

ಅವನ ಕಿವಿ ಕೆಂಪಾದವು. ನನ್ನನ್ನು ನೇರ ನೋಡುವ ಧೈರ್ಯ ಇಲ್ಲ, ತೊಟ್ಟಿಯ ಆಚೆ ನಿಂತು ನೀರಿನ ಮೂಲಕ ನೋಡುತ್ತಿದ್ದ. ನನಗೆ ಕಾಣುವುದಿಲ್ಲ ಅಂದುಕೊಂಡಿದ್ದ, ಪೆದ್ದ. ಗಾಜಿನಲ್ಲಿ ಅವನ ಕಣ್ಣು ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ನಾನು ಸೀರೆಯ ಸೆರಗು ಸರಿ ಮಾಡಿಕೊಂಡು, ಕಾಣದವಳ ಹಾಗೆ ಇನ್ನಷ್ಟು ಹೊತ್ತು ನಿಲ್ಲುತ್ತಿದ್ದೆ.

"ಓಬಳೇಶಪ್ನೋರೇ, ಬಾಯಿ ಬಿಚ್ಚಿರಿ!" ಅಂತ ಕಾಡಿಸುತ್ತಿದ್ದೆ. ಅವನು ನಕ್ಕು ಗಾಜು ಒರೆಸುತ್ತಿದ್ದ.

ನಮ್ಮಿಬ್ಬರದೂ ಒಂದೇ ಜನ, ಬೆಡಗು ಬೇರೆ. ಕೊಟ್ಟು ತರುವುದಕ್ಕೆ ಏನೇನೂ ಅಡ್ಡಿಯಿರಲಿಲ್ಲ. ನಮ್ಮಪ್ಪ ದಾಸಣ್ಣ ಎಣ್ಣೆ ಮಿಲ್ಲಿನಲ್ಲಿ ಮೂಟೆ ತೂಗುವವನು, ಅರಮನೆ ಕಟ್ಟಿಸಿಕೊಂಡು ಕೂತವನಲ್ಲ. ಓಬಳೇಶ್ ಬಂದು ಒಂದು ಮಾತು ಕೇಳಬೇಕಿತ್ತು, ಅಷ್ಟೇ. ನಾನು ಕಾದೆ.

ಒಂದು ದಿನ ತಾನೇ ಅಂಟಿಸಿದ ತೊಟ್ಟಿಯನ್ನು ಆಟೊದಲ್ಲಿ ಇಟ್ಟುಕೊಂಡು ನಮ್ಮ ಮನೆಗೇ ಬಂದ. ನನ್ನೆದೆ ಹೊಡೆದುಕೊಂಡದ್ದು ಅವ್ವನಿಗೂ ಕೇಳಿಸಿರಬೇಕು. ಅವನು ತೊಟ್ಟಿ ಇಳಿಸಿ, ಜೋಡಿಯಲ್ಲಿ ಒಂದನ್ನು ಅದರೊಳಗೆ ಬಿಟ್ಟ.

"ನೀರು ಬಾಯಿಮಟ ತುಂಬಬ್ಯಾಡ್ರಿ ಟೀಚರೇ. ಮೇಲೆ ನಾಕು ಬೆರಳು ಗಾಳಿ ಬಿಡ್ರಿ. ಮುಚ್ಚಳಕ್ಕೆ ಭಾರ ಇಡ್ರಿ, ಇಲ್ದಿದ್ರೆ ಎಗರಿ ಹೊರಗೆ ಬೀಳುತ್ತೆ."

"ಮತ್ತೇನೂ ಹೇಳೋದಿಲ್ವಾ?"

"ಒಣ ಸೀಗಡಿನೂ ತಿನ್ನುತ್ತೆ," ಅಂದು ಆಟೊ ಹತ್ತಿ ಹೋದ. ನನಗೆ ಅವನ ತಲೆ ಮೇಲೆ ನೀರು ಸುರಿಯಬೇಕು ಅನ್ನಿಸಿತು.

ಅವ್ವ ಮೊದಮೊದಲು "ಹಾವು ತಂದು ಮನೇಲಿಟ್ಯಲ್ಲೇ" ಅಂತ ಗೊಣಗಿದಳು. ಆಮೇಲೆ ಅವಳೇ ಬಚ್ಚಲ ಹಿಂದೆ ಎರೆಹುಳು ಕೆದಕಿ ತರತೊಡಗಿದಳು. ನಾನು ಸಂಜೆ ಬೆಳಕು ಕಮ್ಮಿಯಾದಾಗ ಅದರ ಮುಂದೆ ಕೂರುತ್ತಿದ್ದೆ. ಅದು ಮೇಲೆ ಬಂದು ಉಸಿರು ತೆಗೆದುಕೊಂಡಾಗಲೆಲ್ಲ ಅಲ್ಲಿ ಪೇಟೆಯಲ್ಲೂ ಒಬ್ಬ ಹೀಗೇ ಕೂತಿರುತ್ತಾನೆ ಅಂದುಕೊಳ್ಳುತ್ತಿದ್ದೆ. ಹುಚ್ಚು, ಇನ್ನೇನು.

ಅವನು ತೆಗೆದ ಫೋಟೊ ಅಷ್ಟರಲ್ಲಿ ರಾಂಪುರಕ್ಕೆ ಹೋಗಿ ಹಾಲೇಶಪ್ಪ ಅನ್ನುವವರ ಕೈ ಸೇರಿತ್ತು. ಅವರ ಮಗನಿಗೆ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಭಾನುವಾರ ನೋಡಲು ಬರುತ್ತೇವೆ ಅಂದರು. ಶುಕ್ರವಾರ, ಶನಿವಾರ ಎರಡೂ ದಿನ ನಾನು ಸ್ಟುಡಿಯೊಗೆ ಹೋಗಲಿಲ್ಲ. ಅವನೇ ಬರಲಿ ಅಂತ ಹಟ ಹಿಡಿದೆ.

ಭಾನುವಾರ ಮಧ್ಯಾಹ್ನ ಕರೆಂಟಿಲ್ಲ. ಮಾರ್ಚ್ ತಿಂಗಳ ಸೆಕೆ. ಒಳಕೋಣೆಯಲ್ಲಿ ಅತ್ತೆ ನನಗೆ ಮೊಳಕಾಲ್ಮೂರು ಸೀರೆ ಉಡಿಸುತ್ತಿದ್ದಳು. ಬಂದವರಿಗೆ ಪಾನಕದ ತಟ್ಟೆ ಹಿಡಿದುಕೊಂಡು ಹೊರಗೆ ಬಂದು, ತಲೆ ತಗ್ಗಿಸಿ ಚಾಪೆಯ ಮೇಲೆ ಕೂತೆ. ತಗ್ಗಿಸಿದ್ದು ತಗ್ಗಿಸಿದ ಹಾಗೇ ಇರಬೇಕಿತ್ತು. ನನ್ನ ಬುದ್ಧಿಗೆ ಅದು ಬರುವುದಿಲ್ಲ.

ಹಾಲೇಶಪ್ಪನವರ ತಲೆಯ ಹಿಂದೆ ತೊಟ್ಟಿ ಕಂಡಿತು. ಅವ್ವ ಗಾಜಿಗೆ ಅರಿಶಿನ ಕುಂಕುಮ ಹಚ್ಚಿದ್ದಳು. ಬಂದವರ ಕಣ್ಣಿಗೆ ಅರೆ ತುಂಬಿದ್ದು ಬೀಳಬಾರದು ಅಂತ ನೀರನ್ನು ತುಳುಕುವ ಹಾಗೆ ಬಾಯಿಮಟ ತುಂಬಿಸಿದ್ದಳು. ಮುಚ್ಚಳದ ಗಾಜು ನೀರಿಗೆ ಅಂಟಿಕೊಂಡಿತ್ತು. ಅದರ ಮೇಲೆ ಹಿತ್ತಾಳೆ ಕೊಡ, ಅದೂ ತುಂಬಿದ್ದು.

ಮೀನು ಮೇಲಕ್ಕೆ ಹೋಯಿತು. ಮೂತಿ ಗಾಜಿಗೆ ಬಡಿಯಿತು. ಕೆಳಗೆ ಬಂತು. ಮತ್ತೆ ಹೋಯಿತು, ಗಾಜಿನುದ್ದಕ್ಕೂ ಮೂತಿ ಉಜ್ಜಿಕೊಂಡು ಹುಡುಕಿತು. ನೀರಿನ ಮೀನು ನೀರಿನಲ್ಲೇ ಮುಳುಗಿ ಸಾಯುತ್ತಿತ್ತು.

"ಏನು ಓದೀಯಮ್ಮಾ?" ಅಂತ ಹಾಲೇಶಪ್ಪ ಕೇಳಿದರು.

"ಪಿಯುಸಿ," ಅಂದೆ. ಅವ್ವನಿಗೆ ಕಣ್ಸನ್ನೆ ಮಾಡಿದೆ. ಅವ್ವ 'ತಲೆ ತಗ್ಗಿಸು' ಅಂತ ತಿರುಗಿ ಸನ್ನೆ ಮಾಡಿದಳು. ಮೀನು ಈ ಸಲ ಅರ್ಧಕ್ಕೇ ಹೋಗಿ ಓರೆಯಾಗಿ ಜಾರಿತು.

ಎದ್ದೆ. ಹಾಲೇಶಪ್ಪನವರನ್ನು ದಾಟಿ ಹೋಗಿ ಕೊಡ ಎಳೆದೆ, ಮುಚ್ಚಳ ಕಿತ್ತೆ. ನೀರೆಲ್ಲ ಅವರ ಬಿಳಿ ಪಂಚೆಯ ಮೇಲೆ. ಎರಡೂ ಕೈ ಒಳಗಿಳಿಸಿ ಮೀನನ್ನು ಎತ್ತಿ ಹಿಡಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಾಯಿ ತೆರೆದು ಗುಟುಕರಿಸಿತು. ನಾನು ಅಷ್ಟು ಜನರ ಮುಂದೆ ಅಳುತ್ತ ನಕ್ಕೆ.

"ಮೀನಿಗೆ ಕೊಟ್ಟ ಮರ್ಯಾದೆ ನಮಗೆ ಕೊಡ್ಲಿಲ್ಲಪ್ಪಾ ದಾಸಣ್ಣ," ಅಂದು ಅವರು ಪಂಚೆ ಹಿಂಡಿಕೊಂಡು ಹೊರಟರು. ಅಪ್ಪ ನನ್ನ ಮುಖ ನೋಡದೆ ಹೊರಗೆ ಹೋಗಿ ಕೂತ.

"ಒಂದು ಮೀನಿಗೆ ಸಂಬಂಧ ಕಳ್ಕಂಡ್ಯಲ್ಲೇ!" ಅವ್ವ ತಲೆ ಚಚ್ಚಿಕೊಂಡಳು.

"ಮೀನಿಗಲ್ಲವ್ವಾ."

ಅವ್ವ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. "ಆ ಫೋಟೊದೋನಾ?"

"ಹ್ಞೂಂ."

"ಕೇಳಿದ್ನೇನೇ ಅವ್ನು?"

"ಇಲ್ಲ. ನಾಳೆ ನಾನೇ ಕೇಳ್ತೀನಿ."

ಬೈಯುತ್ತಾಳೆ ಅಂದುಕೊಂಡೆ. ಅವ್ವ ಮೂಗು ಒರೆಸಿಕೊಂಡು, "ಕೇಳು ಮತ್ತೆ. ಹುಡುಗ ಒಳ್ಳೇನು. ನಿಮ್ಮಪ್ಪಗೆ ನಾನ್ ಹೇಳ್ತೀನಿ," ಅಂದಳು. ಅವಳನ್ನು ತಬ್ಬಿಕೊಂಡು ಒದ್ದೆ ಸೀರೆಯಲ್ಲೇ ಕುಣಿದೆ.

ಸೋಮವಾರ ಶಾಲೆ ಬಿಟ್ಟವಳು ಓಡಿದ್ದೇ ಓಡಿದ್ದು. ಅವನು ಮೇಜಿನ ಮೇಲೆ ಗಾಜು ಕೊಯ್ಯುತ್ತಿದ್ದ. ಕೂರುವ ಮುಂಚೆಯೇ ಎಲ್ಲ ಹೇಳಿಬಿಟ್ಟೆ. ಕುಂಕುಮ, ಕೊಡ, ಹಾಲೇಶಪ್ಪನವರ ಪಂಚೆ. ನಗುನಗುತ್ತ ಹೇಳಿದೆ. "ಬದುಕೈತೆ ನಿಮ್ಮ ಮೀನು! ಸಂಬಂಧ ಹೋತು!"

ಅವನು ನಗಲಿಲ್ಲ. ಕಡ್ಡಿ ಕೆಳಗಿಟ್ಟ.

"ಏನ್ರೀ?"

"ನಿನ್ನೆ ಬಿ.ಜಿ. ಕೆರೆಗೆ ಹೋಗಿದ್ದೆ. ಕರಿಯಕ್ಕನ ಮನೆಗೆ." ಕರಿಯಕ್ಕ ಅವನ ಅಕ್ಕ, ತಾಯಿಯಿಲ್ಲದ ಅವನನ್ನು ಸಾಕಿದವಳು. "ಮಗಳನ್ನ ಮಾಡ್ಕೋ ಅಂತ ಅಕ್ಕ ಎಷ್ಟೋ ದಿನದಿಂದ ಕೇಳ್ತಿದ್ಲು. ನಿನ್ನೆ ಹ್ಞೂಂ ಅಂದೆ. ಎಲೆ ಅಡಿಕೆ ಆತು."

ಬ್ಯಾಗನ್ನು ಬೆಂಚಿನ ಮೇಲಿಟ್ಟೆ. "ನಿನ್ನೇನೇ ಯಾಕೆ?" ಅಂದೆ.

"ರಾಂಪುರದೋರು ಬರ್ತಾರೆ ಅಂತ ಮೂಗಮ್ನೋರು ಹೇಳಿದ್ರು. ಊರಾಗಿರಾಕೆ ಆಗ್ಲಿಲ್ಲ."

"ಅವರು ಒಪ್ತಾರೆ ಅಂತ ಯಾರು ಹೇಳಿದ್ರು ನಿಮಗೆ?"

"ಫೋಟೊ ತೆಗೆದೋನು ನಾನಲ್ವಾ?" ಅಂದ. "ಅದನ್ನ ನೋಡಿದೋರು ಯಾರು ಬ್ಯಾಡ ಅಂತಾರೆ?"

ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವನು ಬಾಯಿ ಬಿಟ್ಟದ್ದು ಒಂದೇ ಸಲ, ಅದೂ ಬೇರೆಯವರ ಮನೆಯಲ್ಲಿ. ಸಿಟ್ಟಿಗೆ ಅವನ ಅಂಗಡಿಯ ಗಾಜೆಲ್ಲ ಒಡೆಯಬೇಕು ಅನ್ನಿಸಿತು. ಅವನ ತಲೆ ಎದೆಗೊತ್ತಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

ಅವನು ಮೇಜು ಸುತ್ತಿಕೊಂಡು ಬಂದು ನನ್ನೆದುರು ನಿಂತ. ನೇರ ನೋಡಿದ. ನಡುವೆ ಗಾಜಿಲ್ಲ, ನೀರಿಲ್ಲ.

"ಈಗ್ಲೇ ಹೋಗಿ ಮಾತು ವಾಪಸ್ ತಗಂಡು ಬರ್ಲಾ? ಹ್ಞೂಂ ಅನ್ನು ಜ್ಯೋತಿ. ಅಕ್ಕನ ಕಾಲಿಗೆ ಬೀಳ್ತೀನಿ."

ಟೀಚರೇ ಅನ್ನಲಿಲ್ಲ. ಜ್ಯೋತಿ ಅಂದ. ಜ್ಯೋತಿಲಕ್ಷ್ಮಿ ಅನ್ನುವ ನನ್ನ ಉದ್ದ ಹೆಸರು ಅಷ್ಟು ಚಿಕ್ಕದಾಗಿ ಅಷ್ಟು ಚೆಂದ ಕೇಳಿದ್ದು ಅವತ್ತೇ.

"ಆ ಹುಡುಗಿ ಏನಂದ್ಲು?" ಅಂತ ಕೇಳಿದೆ. ಕೇಳಬಾರದಿತ್ತು.

ಅವನು ತಲೆ ಬಗ್ಗಿಸಿದ. "ಮಾವಾ, ನಂಗೂ ಮೀನು ಸಾಕೋದು ಹೇಳ್ಕೊಡ್ತೀಯಾ ಅಂದ್ಲು."

ಆ ಹುಡುಗಿಯನ್ನು ನಾನು ನೋಡಿರಲಿಲ್ಲ. ಆದರೂ ಅವಳ ಮುಖ ಕಂಡುಬಿಟ್ಟಿತು. ಒಂದು ರಾತ್ರಿಯಲ್ಲಿ ಅವಳು ಎಷ್ಟು ಆಸೆ ಕಟ್ಟಿಕೊಂಡಿರುತ್ತಾಳೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಷ್ಟು ತಿಂಗಳು ನಾನು ಕಾದದ್ದು ಇವನು ಏನಾದರೂ ಕೇಳಲಿ ಅಂತ. ಈಗ ಕೇಳಿದ.

"ಬ್ಯಾಡ," ಅಂದೆ.

ನಾನು ಬ್ಯಾಗು ತೆಗೆದುಕೊಂಡೆ, ಚಪ್ಪಲಿ ಮೆಟ್ಟಿಕೊಂಡೆ. ಚಪ್ಪಲಿಯ ಪಟ್ಟಿ ಸರಿಯಾಗಿಯೇ ಇತ್ತು, ಆದರೂ ಬಗ್ಗಿ ಸರಿಮಾಡುತ್ತ ಬಾಗಿಲಲ್ಲಿ ನಿಂತೆ. ನಿಜ ಹೇಳುತ್ತೇನೆ, ಇನ್ನೊಂದು ಸಲ ಕೇಳಿದ್ದರೆ ಹ್ಞೂಂ ಅಂದುಬಿಡುತ್ತಿದ್ದೆ.

ಅವನು ಕೇಳಲಿಲ್ಲ.