ಕುರ್ಚಿಯ ಕೆಳಗಿನ ಅಂಚು

ಬಡಗಿ ತಂದಿಟ್ಟ ಟೀಯನ್ನು ಅವಳು ಮುಟ್ಟಲಿಲ್ಲ. ಅವನು ಒಮ್ಮೆ ಗ್ಲಾಸನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ. ಗ್ಲಾಸನ್ನು ಎತ್ತಿಕೊಂಡು ಹೋಗಿ, ಅವಳ ಕಣ್ಣೆದುರೇ ನಲ್ಲಿಯ ಕೆಳಗೆ ತಿಕ್ಕಿ ತಿಕ್ಕಿ ತೊಳೆದು, ಹೊಸದಾಗಿ ಟೀ ಸುರಿದು ತಂದ.

“ಈಗ ಕುಡೀರಿ. ಮರದ ಪುಡಿ ಇಲ್ಲ.”

“ಅಯ್ಯೋ, ಅದಕ್ಕಲ್ಲ!” ಅವಳ ಕಿವಿ ಬಿಸಿಯಾಯಿತು. “ನೀವು ನಮ್ಮ ಟೆಂಡರ್‌ಗೆ ರೇಟು ಹಾಕಿದ್ದೀರಿ. ನಿಮ್ಮ ಹತ್ರ ನಾನು ಏನೂ ತಗೊಳ್ಳೋ ಹಾಗಿಲ್ಲ.”

“ಟೀ ಕುಡಿದ್ರೆ ಆರ್ಡರ್ ಕೊಡಲೇಬೇಕಾಗುತ್ತಾ?”

“ಕೊಡದೇ ಇದ್ರೂ ಕುಡಿಯೋ ಹಾಗಿಲ್ಲ.”

“ಹಾಗಾದ್ರೆ ನನಗೆ ಎರಡೂ ಕಡೆ ಲಾಸು,” ಎಂದವನು, ಆ ಟೀಯನ್ನು ತಾನೇ ಕುಡಿದ. ಗ್ಲಾಸಿನ ಮೇಲಿಂದ ಅವಳನ್ನೇ ನೋಡುತ್ತ, ಬೇಕೆಂದೇ ನಿಧಾನವಾಗಿ.

ದುಡಿಯುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಒಂದು ಸೇವಾ ಸಂಸ್ಥೆಯಲ್ಲಿ ಅವಳದು ಖರೀದಿಯ ಕೆಲಸ. ಬಟ್ಟಲಿನಿಂದ ಬಾಗಿಲವರೆಗೆ ಎಲ್ಲವೂ ಸರ್ಕಾರದ ಅನುದಾನದಲ್ಲೇ ಆಗಬೇಕು. ಅನುದಾನದ ಜೊತೆಗೆ ನಿಯಮಗಳೂ ಬರುತ್ತವೆ. ಆಫೀಸಿನಲ್ಲಿ ಅವಳಿಗೆ ‘ರೂಲ್ಸಮ್ಮ’ ಎಂದೇ ಹೆಸರು. ನಗುವವರು ನಗಲಿ ಎಂದು ಅವಳು ಸುಮ್ಮನಿದ್ದಳು. ಹಿಂದೆ ಕೆಲಸ ಮಾಡಿದ ಸಂಸ್ಥೆಯಲ್ಲಿ ಯಾರೋ ತಮ್ಮ ಭಾವಮೈದುನನಿಗೇ ಆರ್ಡರ್ ಕೊಟ್ಟು, ಅನುದಾನ ನಿಂತು, ಕೇಂದ್ರಕ್ಕೆ ಬೀಗ ಬಿದ್ದಿತ್ತು. ವಿಷಯ ತಿಳಿಯದೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದ ತಾಯಿಯೊಬ್ಬಳು ಆ ಬೀಗವನ್ನು ಕೈಯಲ್ಲಿ ಹಿಡಿದು ನೋಡುತ್ತ ನಿಂತದ್ದನ್ನು ಅವಳು ಮರೆತಿರಲಿಲ್ಲ.

ಈ ಸಲದ ಖರೀದಿ ಮಕ್ಕಳ ಪುಟ್ಟ ಕುರ್ಚಿಗಳದು. ದರ ಹಾಕಿದ ಮೂವರ ಕಾರ್ಖಾನೆಗಳನ್ನೂ ಕಣ್ಣಾರೆ ನೋಡಿ ಬರಬೇಕಿತ್ತು. ಟೀ ಪ್ರಸಂಗದಿಂದ ತಪ್ಪಿಸಿಕೊಳ್ಳಲು ಅವಳು ಅಲ್ಲೇ ಇದ್ದ ಒಂದು ಕುರ್ಚಿಯನ್ನು ತಿರುವಿ, ಕೂರುವ ಹಲಗೆಯ ಕೆಳಗೆ ಕೈಯಾಡಿಸಿದಳು. ಸಿಬಿರು ಸಿಗುತ್ತದೆಂದು ಹೆದರಿದ್ದಳು. ಸಿಕ್ಕಿದ್ದು ಬೆಣ್ಣೆಯಂಥ ನುಣುಪು. ಯಾರ ಕಣ್ಣಿಗೂ ಬೀಳದ ಅಂಚನ್ನು ಕೂಡ ಅವನು ದುಂಡಗೆ ಉಜ್ಜಿದ್ದ.

“ಇಲ್ಲೂ ಉಜ್ಜಿದ್ದೀರಾ?”

“ಮಕ್ಕಳು ಕುರ್ಚೀನ ಮೇಲಿಂದ ಎತ್ತಲ್ಲ ಮೇಡಂ. ಕೆಳಗೆ ಕೈ ಹಾಕಿ ದರದರ ಎಳ್ಕೊಂಡು ಹೋಗ್ತಾರೆ.”

ಹೇಳುವಾಗ ಅವನ ಕಣ್ಣು ಅವಳ ಬೆರಳುಗಳ ಮೇಲಿತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲು ಒಂದು ಗಳಿಗೆ ತಡಮಾಡಿದಳು. ಆ ತಡವನ್ನು ಇಬ್ಬರೂ ಗಮನಿಸಿದರು.

ಆಮೇಲೆ ಅವನ ಫೋನುಗಳು ಶುರುವಾದವು. ಬಣ್ಣದ ಬಗ್ಗೆ ಒಂದು ಅನುಮಾನ, ಎತ್ತರದ ಬಗ್ಗೆ ಇನ್ನೊಂದು. ಒಬ್ಬರಿಗೆ ಹೇಳಿದ್ದನ್ನು ಎಲ್ಲರಿಗೂ ಹೇಳಬೇಕೆಂಬುದು ನಿಯಮ. ಅವಳು ಪ್ರತಿ ಉತ್ತರವನ್ನೂ ಮಿಕ್ಕಿಬ್ಬರಿಗೆ ಮೇಲ್ ಮಾಡುತ್ತಿದ್ದಳು.

ಒಂದು ದಿನ ಅವನು ಕೇಳಿದ, “ನಿಮ್ಮ ಕಡೆ ಮಳೆ ಶುರುವಾಯ್ತಾ?”

“ಇದರ ಉತ್ತರಾನೂ ಅವರಿಬ್ಬರಿಗೆ ಕಳಿಸಬೇಕಾಗುತ್ತೆ.”

“ಕಳಿಸಿ ಕಳಿಸಿ. ಪಾಪ, ಅವರೂ ಛತ್ರಿ ತಗೊಳ್ಳಲಿ.”

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕದ್ದು ನಿಯಮಕ್ಕೆ ವಿರುದ್ಧವೋ ಏನೋ ಎಂದು ಸಂಜೆಯವರೆಗೂ ಚಡಪಡಿಸಿದಳು.

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತ ಅವಳ ಮಾತು ಕೇಳಿಸಿಕೊಳ್ಳುತ್ತಿದ್ದಳು. ಉಜ್ಜುವ ಕಾಗದ, ಬೀಟೆ ಮರ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ಸಿಲ್.

“ಅಲ್ವೇ, ಮೂರು ಜನ ಟೆಂಡರ್ ಹಾಕಿದ್ದಾರೆ ಅಂದೆ. ಮಿಕ್ಕಿಬ್ಬರ ಕಿವಿ ಹಿಂದೆ ಏನಿದೆ ಅಂತ ಒಂದು ದಿನಾನೂ ಹೇಳಲಿಲ್ಲ?”

“ಹಾಗೇನಿಲ್ಲಕ್ಕ,” ಎಂದು ಅವಳು ಥಟ್ಟನೆ ಎದ್ದಳು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ,” ಎಂದು ಅಕ್ಕ ಒಳಗೆ ನೋಡಿ ಕೂಗಿದಳು, “ರೀ, ಇಲ್ಲಿ ಬನ್ನಿ, ನಿಮ್ಮ ನಾದಿನಿ ಮುಖ ನೋಡಿ!”

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಆದರೂ ಒಂದು ಧೈರ್ಯವಿತ್ತು. ಕುರ್ಚಿಗಳ ಆಯ್ಕೆಯ ದಿನ ಹೆಸರುಗಳು ಕಾಣುವುದಿಲ್ಲ. ಸ್ಯಾಂಪಲ್‌ಗಳ ಗುರುತೆಲ್ಲ ತೆಗೆದು ಬರೀ ನಂಬರ್ ಅಂಟಿಸಿಡುತ್ತಾರೆ. ಯಾರದು ಯಾವುದೆಂದು ತಿಳಿಯದಿದ್ದರೆ ಪಕ್ಷಪಾತದ ಮಾತೆಲ್ಲಿ?

ಆ ದಿನ ಕಮಿಟಿಯಲ್ಲಿ ನಿರ್ದೇಶಕಿ ಮೇಡಂ, ಅಕೌಂಟೆಂಟ್ ಸರ್, ಮಕ್ಕಳ ಟೀಚರ್ ಮತ್ತು ಅವಳು. ಮೇಜಿನ ಮೇಲೆ ಒಂದೇ ಅಳತೆಯ, ಒಂದೇ ಬಣ್ಣದ ಮೂರು ಕುರ್ಚಿಗಳು. ಅವಳು ಮೊದಲನೆಯದರ ಕೆಳಗೆ ಕೈ ಹಾಕಿದಳು. ಏನೂ ಅನ್ನಿಸಲಿಲ್ಲ. ಎರಡನೆಯದಕ್ಕೆ ಕೈ ಹಾಕಿದಳು.

ಬೆರಳು ಅಲ್ಲೇ ನಿಂತಿತು. ಆ ನುಣುಪು, ಆ ದುಂಡು. ಹೆಸರು ಮುಚ್ಚಿದ್ದರು, ಕೈ ಗುರುತು ಹಿಡಿದಿತ್ತು.

ಪೂರ್ತಿ ಅಂಕ ಕೊಟ್ಟರೆ ಅದು ಕುರ್ಚಿಗೋ, ಅವನಿಗೋ? ಹೆದರಿ ಕಡಿಮೆ ಕೊಟ್ಟರೆ ಆ ಕೆಲಸಕ್ಕೆ ಮಾಡುವ ದ್ರೋಹ. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಎಂದಾದರೂ ಗೊತ್ತಾದರೆ? ಕಣ್ಣ ಮುಂದೆ ಆ ಬೀಗ ಬಂತು. ಬಾಯಿ ಬಿಟ್ಟರೆ ಅವನ ಕೈಗೆ ಬರಬಹುದಾದ ಆರ್ಡರ್ ತನ್ನಿಂದಲೇ ತಪ್ಪಬಹುದು. ಆಮೇಲೆ ಯಾವ ಮುಖ ಹೊತ್ತು ಅವನನ್ನು ನೋಡುವುದು?

“ಮೇಡಂ,” ಎಂದಳು, “ನಾನು ಅಂಕ ಹಾಕಲ್ಲ. ಇದರಲ್ಲಿ ಒಂದು ಯಾರ ಕೆಲಸ ಅಂತ ನನಗೆ ಗೊತ್ತಾಗಿಬಿಡ್ತು.”

“ಗೊತ್ತಾದ್ರೆ ಏನಂತೆ?”

“ಬರೀ ಗೊತ್ತಾಗಿದ್ರೆ ಪರವಾಗಿರಲಿಲ್ಲ. ಅವರು… ಅವರು ನನಗೆ ಇಷ್ಟ.”

ಅಕೌಂಟೆಂಟ್ ಸರ್ ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. “ಆ ಮನುಷ್ಯನಿಗೆ ಗೊತ್ತೇನಮ್ಮ ಇದು?”

“ಇಲ್ಲ ಸರ್.”

“ಅಂದ್ರೆ ಅವನಿಗಿಂತ ಮೊದಲು ನಮಗೆ ಹೇಳ್ತಿದ್ದೀಯಾ!”

“ನಿಯಮದ ಪ್ರಕಾರ ಮೊದಲು ಕಮಿಟಿಗೇ ಹೇಳಬೇಕು ಸರ್.”

ಟೀಚರ್ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಮೇಡಂ ನಗಲಿಲ್ಲ. ಎದ್ದು ಬಂದು ಅವಳ ಭುಜದ ಮೇಲೆ ಕೈಯಿಟ್ಟರು. “ಯಾವುದು ಅಂತ ಈಗ ಹೇಳಬೇಡ. ಹೊರಗೆ ಕೂತಿರು. ನಿನ್ನಂಥೋಳೊಬ್ಬಳು ಇರೋದಕ್ಕೇ ನಾನು ರಾತ್ರಿ ನೆಮ್ಮದಿಯಾಗಿ ಮಲಗ್ತೀನಿ.”

ಅವಳು ಹೊರಗೆ, ಮಕ್ಕಳ ನಡುವೆ, ಮೊಣಕಾಲು ಗಲ್ಲಕ್ಕೆ ತಾಗುವಷ್ಟು ಪುಟ್ಟ ಕುರ್ಚಿಯಲ್ಲಿ ಕೂತಿದ್ದಳು. ಒಂದು ಮಗು ಬಂದು ಕೆಳಗಿಂದ ಕುರ್ಚಿಯನ್ನು ಎಳೆಯತೊಡಗಿತು.

ಆರ್ಡರ್ ಅವನಿಗೆ ಸಿಗಲಿಲ್ಲ. ಕೂದಲೆಳೆಯ ಅಂತರದಲ್ಲಿ ತಪ್ಪಿತ್ತು.

ಸ್ಯಾಂಪಲ್ ತೆಗೆದುಕೊಂಡು ಹೋಗಲು ಅವನು ಬಂದಾಗ ಅವಳೇ ಕುರ್ಚಿಯನ್ನು ಹಿತ್ತಿಲ ಬಾಗಿಲಿಗೆ ತಂದಳು. ಸೋತವರಿಗೆ ಕಾರಣ ಹೇಳುವುದೂ ನಿಯಮವೇ.

“ಗೆದ್ದವರ ಕುರ್ಚಿಗಳನ್ನ ಒಂದರ ಮೇಲೊಂದು ಜೋಡಿಸಿಡಬಹುದು. ನಮ್ಮಲ್ಲಿ ಜಾಗ ಕಮ್ಮಿ.”

ಅವನು ಯೋಚಿಸಿ ತಲೆಯಾಡಿಸಿದ. “ಹೌದಲ್ಲ. ನನಗೆ ಹೊಳೀಲೇ ಇಲ್ಲ. ಸರಿಯಾಗೇ ನೋಡಿದ್ದಾರೆ.”

“ಇನ್ನೊಂದಿದೆ.” ಅವಳು ಕುರ್ಚಿಯನ್ನು ಕೆಳಗಿಟ್ಟಳು. “ನಾನು ಅಂಕ ಹಾಕಲಿಲ್ಲ. ಹಾಕಿದ್ರೆ ನಿಮಗೇ ಸಿಗ್ತಿತ್ತೇನೋ. ಕೆಳಗೆ ಕೈ ಹಾಕಿದ ತಕ್ಷಣ ನಿಮ್ಮದು ಅಂತ ಗೊತ್ತಾಯ್ತು. ಅದಕ್ಕೆ ಎದ್ದು ಹೊರಗೆ ಹೋದೆ.”

“ಗೊತ್ತಾದ್ರೆ ಯಾಕೆ ಹೊರಗೆ ಹೋಗಬೇಕು?”

ಅವಳು ಕುರ್ಚಿಯನ್ನೇ ನೋಡುತ್ತ ಹೇಳಿದಳು, “ಇಷ್ಟ ಇರೋರಿಗೆ ಅಂಕ ಹಾಕಬಾರದು.”

ಅವನು ಕಿವಿಯ ಹಿಂದಿನ ಪೆನ್ಸಿಲ್ ತೆಗೆದ, ಮತ್ತೆ ಅಲ್ಲೇ ಸಿಕ್ಕಿಸಿದ.

“ಅಂಗಡಿಗೆ ಬಂದೋರೆಲ್ಲ ಪಾಲಿಶ್ ನೋಡ್ತಾರೆ, ರೇಟು ಕೇಳ್ತಾರೆ,” ಎಂದ ಕೊನೆಗೆ. “ಈ ಕೆಲಸ ಕಲಿಸಿದ ಅಪ್ಪ ಹೋದಮೇಲೆ ಆ ಕೆಳಗಿನ ಅಂಚು ಮುಟ್ಟಿದೋರು ನೀವೊಬ್ಬರೇ. ನೀವು ಅವತ್ತು ಕೈಯಾಡಿಸಿದ ಕುರ್ಚೀನ ನಾನು ಇನ್ನೂ ಮಾರಿಲ್ಲ. ಆರ್ಡರ್ ಇನ್ನೊಂದು ಬರುತ್ತೆ. ಇಷ್ಟು ನಿಯತ್ತಿನ ಕೈ ಎಲ್ಲಿ ಸಿಗುತ್ತೆ?”

ಅವಳು ತಲೆಯೆತ್ತಿದಳು. ಅವನ ಕಣ್ಣು ತೇವವಾಗಿತ್ತು, ತುಟಿಯಲ್ಲಿ ಮಾತ್ರ ಆ ಹಳೆಯ ತುಂಟತನ.

“ಈಗ ನಾನು ನಿಮ್ಮ ಟೆಂಡರ್‌ನಲ್ಲಿ ಇಲ್ಲ ತಾನೇ?”

“ಇಲ್ಲ.”

“ಮುಂದಿನ ಸಲ ಹಾಕಿದ್ರೆ?”

“ಹಾಕಿ. ನಾನು ಆಗಲೂ ಹೊರಗೆ ಕೂರ್ತೀನಿ.”

“ಜೀವಮಾನವಿಡೀ?”

ಅವಳು ಕುರ್ಚಿಯ ಒಂದು ಬದಿಯನ್ನು ಹಿಡಿದಳು. ಇನ್ನೊಂದು ಬದಿಯನ್ನು ಅವನು ಹಿಡಿದ. ಒಬ್ಬರೇ ಎತ್ತಬಹುದಾದ ಆ ಪುಟ್ಟ ಕುರ್ಚಿಯನ್ನು ಇಬ್ಬರೂ ಹೊತ್ತುಕೊಂಡು ಊರಿನ ಇನ್ನೊಂದು ತುದಿಯ ಅವನ ಅಂಗಡಿಯವರೆಗೆ ನಡೆದರು.

ಅವನು ಟೀ ತಂದ. ಅವಳು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಹುಬ್ಬು ಗಂಟಿಕ್ಕಿ ನೋಡಿದಳು.

“ಇದರಲ್ಲಿ ಮರದ ಪುಡಿ ಇದೆ.”

ಅವನು ಗಾಬರಿಯಿಂದ ತೊಳೆದು ತರಲು ಕೈ ಚಾಚುವಷ್ಟರಲ್ಲಿ, ಅವಳು ಅದನ್ನು ಒಂದು ತೊಟ್ಟೂ ಬಿಡದೆ ಕುಡಿದು ಮುಗಿಸಿದ್ದಳು.