ಜರಡಿ ಸಾಕಿದ ಕಳ್ಳರು

ಬಾಮೈದನಿಗೆ ಕೆಲಸ ಕೊಡಿಸಿದ್ದು ಜರಡಿ ತನ್ನ ಜೀವಮಾನದಲ್ಲಿ ಮಾಡಿದ ಒಂದೇ ಒಂದು ಉಪಕಾರ. ಅದನ್ನೂ ಹೆಂಡತಿಯ ಕಾಟ ತಾಳಲಾರದೆ ಮಾಡಿದ್ದ. ಈಗ ಅದೇ ಬಾಮೈದ ಗೇಮ್ ಕಂಪನಿಯ ಒಡತಿಯ ಎದುರು ನಿಂತು, ಕನ್ಸೋಲ್‌ಗಳ ಕಾಲ ಮುಗಿಯುತ್ತ ಬಂತು, ಇನ್ನು ಆಟವೆಲ್ಲ ಲಿನಕ್ಸ್ ಕಂಪ್ಯೂಟರಿನಲ್ಲೇ, ನಾವೇ ಮೊದಲು ಹೋಗಿ ಜಾಗ ಹಿಡಿಯೋಣ ಎಂದು ಭಾಷಣ ಬಿಗಿದಿದ್ದ. ಅವಳು ತಲೆದೂಗಿದ್ದಳು. ಗಿಣಿ ಸಾಕಿದರೆ ಹದ್ದಾಗಿ ಕುಕ್ಕಿತು ಎನ್ನುವುದು ಇದಕ್ಕೇ ಎಂದು ಜರಡಿಗೆ ಮೈಯೆಲ್ಲ ಉರಿಯಿತು.

ಜರಡಿ ಎಂಬುದು ಕಚೇರಿಯವರು ಇಟ್ಟ ಹೆಸರು. ಕಂಪನಿಯ ಆಟದಲ್ಲಿ ಜನ ಪಾಳುಬಿದ್ದ ಪಟ್ಟಣವೊಂದರಲ್ಲಿ ಒಬ್ಬರನ್ನೊಬ್ಬರು ಬೇಟೆಯಾಡುತ್ತಾರೆ. ಗೋಡೆಯಾಚೆ ಇರುವವರನ್ನು ತೋರಿಸುವ, ಗುರಿಯನ್ನು ತಾನೇ ಹಿಡಿದುಕೊಡುವ ಕಳ್ಳ ಪ್ರೋಗ್ರಾಂ ಹಾಕಿಕೊಂಡು ಆಡುವವರನ್ನು ಸೋಸಿ ತೆಗೆದು, ಅವರ ಖಾತೆ ಮುಚ್ಚಿಸುವುದು ಅವನ ವಿಭಾಗದ ಕೆಲಸ. ಕನ್ಸೋಲ್ ಇರುವವರೆಗೆ ಆ ಕೆಲಸ ಸಲೀಸು. ಅದು ಟೀವಿಗೆ ಸಿಕ್ಕಿಸಿ ಆಡುವ, ತಯಾರಕರೇ ಬೀಗ ಹಾಕಿ ಕಳಿಸಿದ ಪೆಟ್ಟಿಗೆ. ಆಡುವವನಿಗೆ ಗುಂಡಿ ಒತ್ತುವ ಹಕ್ಕಷ್ಟೇ. ಲಿನಕ್ಸ್ ಹಾಗಲ್ಲ. ಕಂಪ್ಯೂಟರನ್ನು ನಡೆಸುವ ಆ ತಂತ್ರಾಂಶ ಬಿಟ್ಟಿ ಸಿಗುತ್ತದೆ, ಯಾರು ಬೇಕಾದರೂ ಒಳಗೆಲ್ಲ ಬಿಚ್ಚಿ ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಮನೆಗೆ ಬಾಗಿಲೇ ಬೇಡ ಎನ್ನುವವನು ನಮಗೆ ಕಾವಲು ಕಾಯುವುದನ್ನು ಹೇಳಿಕೊಡುತ್ತಾನೆ ಎಂದು ಜರಡಿ ಊಟಕ್ಕೆ ಕೂತಾಗ ಗೊಣಗಿದ. ಹೆಂಡತಿ ತನ್ನ ತಮ್ಮ ಎಷ್ಟು ಮುಂದೆ ಬಂದ ನೋಡಿ ಎಂದು ಹಿಗ್ಗುತ್ತ ಇನ್ನಷ್ಟು ಬಡಿಸಿದಳು.

ಮೂರು ತಿಂಗಳು ಲಿನಕ್ಸ್‌ನವರನ್ನು ಒಳಗೆ ಬಿಟ್ಟು ನೋಡೋಣ ಎಂದು ಒಡತಿ ತೀರ್ಮಾನಿಸಿದಳು. ಸರಿಹೋದರೆ ಮುಂದಿನ ಆಟ ಅವರಿಗಾಗಿಯೇ, ಬಾಮೈದನ ಕೈಯಲ್ಲಿ. ಸರಿಹೋಗದಿದ್ದರೆ ಆ ಮಾತನ್ನು ಮತ್ತೆ ಯಾರೂ ಎತ್ತುವ ಹಾಗಿಲ್ಲ. ಕನ್ಸೋಲ್ ಹೋದರೆ ಅದನ್ನೇ ನಂಬಿ ಕಟ್ಟಿದ ಜರಡಿಯ ವಿಭಾಗವೂ ಹೋಗುತ್ತದೆ ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಿಟಕಿಯಿರುವ ಆ ಕೋಣೆ, ಬಾಗಿಲ ಮೇಲಿನ ಫಲಕ, ಅವನು ಒಳಗೆ ಬಂದರೆ ತಟ್ಟನೆ ಮಾತು ನಿಲ್ಲಿಸುವ ಕೈಕೆಳಗಿನವರು. ಐವತ್ತು ದಾಟಿದವನಿಗೆ ಬೇರೆಲ್ಲಿ ಇದೆಲ್ಲ ಸಿಗುತ್ತದೆ? ಅವನಿಗೆ ನಿಜಕ್ಕೂ ಭಯವಾಯಿತು. ಆ ಭಯವೇ ಉಪಾಯ ಹೇಳಿಕೊಟ್ಟಿತು.

ಕಳ್ಳರನ್ನು ಹಿಡಿದು ಹಿಡಿದು ಅವರ ವಿದ್ಯೆಯೆಲ್ಲ ಅವನಿಗೆ ಕರಗತವಾಗಿತ್ತು. ಲಿನಕ್ಸ್‌ನಲ್ಲಿ ಸಾಕಷ್ಟು ಮೋಸಗಾರರು ಇಲ್ಲದಿದ್ದರೆ ತಾನೇ ಹುಟ್ಟಿಸಿದರಾಯಿತು.

ಬಟ್ಟೆ ಒಗೆದುಕೊಡುವ ಅಂಗಡಿಯೊಂದರ ಮೇಲೆ ಸಣ್ಣ ಕೋಣೆ ಬಾಡಿಗೆಗೆ ಹಿಡಿದ. ಕೆಳಗಿನ ಯಂತ್ರಗಳ ಗದ್ದಲದಲ್ಲಿ ಮೇಲಿನ ಫ್ಯಾನುಗಳ ಸದ್ದು ಕೇಳುತ್ತಿರಲಿಲ್ಲ. ಹಳೆಯ ಕಂಪ್ಯೂಟರುಗಳನ್ನು ಒಂದೊಂದಾಗಿ, ಒಂದೊಂದು ಕಡೆಯಿಂದ ತಂದು ಎಲ್ಲಕ್ಕೂ ಲಿನಕ್ಸ್ ತುಂಬಿದ. ಹೆಂಡತಿಗೆ ಈಜು ಕಲಿಯುತ್ತಿದ್ದೇನೆ ಎಂದು ಹೇಳಿ, ಸಂಜೆ ಟವೆಲ್ಲನ್ನು ಒದ್ದೆ ಮಾಡಿಕೊಂಡು ಮನೆಗೆ ಹೋಗುತ್ತಿದ್ದ. ಅವಳು ಆ ಟವೆಲ್ ಒಣಹಾಕುತ್ತ, ಹೊಟ್ಟೆ ಇಳಿದಿದೆ ಎಂದು ಮೆಚ್ಚಿಕೊಂಡಳು.

ಪ್ರೋಗ್ರಾಂ ಬರೆದು ಅವನು ಸೃಷ್ಟಿಸಿದ ಆಟಗಾರರಿಗೆ ಕೈಯಿರಲಿಲ್ಲ, ಗುಣ ಇತ್ತು. ಒಬ್ಬ ಮುಂಗೋಪಿ, ಸೋತರೆ ಎಲ್ಲರಿಗೂ ಬೈಯುತ್ತಿದ್ದ. ಒಬ್ಬ ಪುಕ್ಕಲ, ಗೋಡೆಯಾಚೆ ಕಂಡರೂ ಕಾಣದವನಂತೆ ಸುತ್ತು ಬಳಸಿ ಬರುತ್ತಿದ್ದ. ಒಬ್ಬಳು ಊಟದ ಹೊತ್ತಿಗೆ ಸರಿಯಾಗಿ ಮಾಯವಾಗುತ್ತಿದ್ದಳು. ಒಂದೊಂದು ಖಾತೆಯೂ ಬೇರೆ ಬೇರೆ ಊರಿನಿಂದ ಬಂದಂತೆ ತೋರುತ್ತಿತ್ತು. ಕಚೇರಿಯಲ್ಲಿ ಅವನ ಕೈಕೆಳಗಿನವರೇ ಹಗಲೆಲ್ಲ ಅವರನ್ನು ಹಿಡಿದು ಹಾಕುತ್ತಿದ್ದರು. ಅವನು ಬೆನ್ನು ತಟ್ಟುತ್ತಿದ್ದ. ಸಿಕ್ಕಿಬಿದ್ದವರು ಮುನಿಸಿಕೊಂಡವರಂತೆ ಎರಡು ಮೂರು ದಿನ ಸುಮ್ಮನಿದ್ದು, ಹೊಸ ಹೆಸರಿನಲ್ಲಿ ಮರುಹುಟ್ಟು ಪಡೆದು ಬರುತ್ತಿದ್ದರು. ಹೊಸ ಹೆಸರಿಗೆಲ್ಲ ಆಟ ಕೊಳ್ಳಲು ಬೇಕಾದ ಗಿಫ್ಟ್ ಕಾರ್ಡುಗಳನ್ನು ಹತ್ತಾರು ಅಂಗಡಿಗಳಲ್ಲಿ ನಗದು ಕೊಟ್ಟೇ ತಂದ. ತನ್ನ ಹೆಸರು ಎಲ್ಲೂ ಮೂಡದಂತೆ ನೋಡಿಕೊಂಡ. ಮನೆಗೆ ಬಣ್ಣ ಹೊಡೆಸಲು ಇಟ್ಟಿದ್ದ ದುಡ್ಡೆಲ್ಲ ಇದಕ್ಕೇ ಹೋಯಿತು. ಹೋಗಲಿ, ಗೋಡೆ ಹಳತಾದರೆ ಮಾನ ಹೋಗುವುದಿಲ್ಲ.

ಒಂದು ದಿನ ಬಾಮೈದ ಅವನ ಕೋಣೆಗೆ ಬಂದು ಕುಸಿದು ಕೂತ. ಕಣ್ಣು ಗುಳಿಬಿದ್ದಿತ್ತು.

"ಭಾವ, ಇಷ್ಟೊಂದು ಕಳ್ಳರು ಎಲ್ಲಿಂದ ಬಂದ್ರು ಅಂತ ನನಗೆ ಅರ್ಥವೇ ಆಗ್ತಿಲ್ಲ."

"ಬಾಗಿಲು ತೆಗೆದಿಟ್ಟಿದ್ದು ನೀನೇ ಅಲ್ವೇನಪ್ಪ," ಎಂದ ಜರಡಿ. "ಬೇಜಾರು ಮಾಡ್ಕೋಬೇಡ. ನಾನಿದ್ದೀನಿ."

ಹುಡುಗನಾಗಿದ್ದಾಗ ಇದೇ ಬಾಮೈದ ರಜೆಗೆ ಬಂದರೆ, ಇಬ್ಬರೂ ಒಂದೇ ಕನ್ಸೋಲಿನ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತು ಆಡುತ್ತಿದ್ದರು. ಅದು ನೆನಪಾಗಿ ಜರಡಿಗೆ ಕರುಳು ಚುರ್ ಎಂದಿತು. ಸಂಜೆ ಕೋಣೆಗೆ ಹೋಗಿ ಇನ್ನೂ ನಾಲ್ಕು ಯಂತ್ರ ಹಚ್ಚಿದ ಮೇಲೆ ಸರಿಹೋಯಿತು.

ಗಡುವು ಮುಗಿಯಿತು. ಲಿನಕ್ಸ್‌ನಿಂದ ಬಂದ ಪ್ರತಿ ಮೂವರಲ್ಲಿ ಇಬ್ಬರು ಮೋಸಗಾರರು ಎಂದು ಜರಡಿ ಒಡತಿಗೆ ತಿಳಿಸಿದ. ಕೊಂಚವೂ ಕುಹಕವಿಲ್ಲದೆ, ದುಃಖದ ದನಿಯಲ್ಲೇ ಹೇಳಿದ. ಬಾಮೈದ ತಲೆ ತಗ್ಗಿಸಿ ಮೇಜು ನೋಡುತ್ತಿದ್ದ. ಹಿಂದಿನ ಸಂಜೆಯೇ ಕೋಣೆ ಖಾಲಿಯಾಗಿತ್ತು, ಡಿಸ್ಕುಗಳು ಪುಡಿಯಾಗಿದ್ದವು. ದೇವರೇ ಬಂದು ಹುಡುಕಿದರೂ ಒಂದೆಳೆ ಸಿಗುವಂತಿರಲಿಲ್ಲ.

ಒಡತಿ ಎಲ್ಲ ಕೇಳಿಸಿಕೊಂಡು, ಕೆಲಸ ಅಚ್ಚುಕಟ್ಟಾಗಿದೆ ಎಂದಳು. ಆಮೇಲೆ ತನ್ನ ಮುಂದಿನ ಪರದೆಯನ್ನು ಅವರತ್ತ ತಿರುಗಿಸಿದಳು. "ಕನ್ಸೋಲ್‌ನೋರನ್ನ ಹೊರಗೆ ಹಾಕಿದ್ರೆ ಬೈಕೊಂಡು ಬೇರೆ ಆಟಕ್ಕೆ ಹೋಗ್ತಾರೆ. ಈ ಲಿನಕ್ಸ್‌ನಲ್ಲಿ ನೀವು ಎಷ್ಟು ಖಾತೆ ಮುಚ್ಚಿದ್ದೀರೋ, ವಾರದೊಳಗೆ ಆಟದ ಅಷ್ಟೇ ಹೊಸ ಪ್ರತಿ ಮಾರಾಟ ಆಗಿದೆ. ಹೊರಗೆ ದಬ್ಬಿದಷ್ಟೂ ಮತ್ತೆ ಕೊಂಡು ಒಳಗೆ ಬರೋ ಜನಾನ ನಾನು ನೋಡೇ ಇಲ್ಲ." ಮುಂದಿನ ಆಟ ಅವರಿಗೇ, ಅಲ್ಲಿ ಅವರು ತಿಂಗಳು ತಿಂಗಳು ದುಡ್ಡು ಕಟ್ಟಿ ಹೇಗೆ ಬೇಕಾದರೂ ಆಡಿಕೊಳ್ಳಲಿ, ಇನ್ನು ಸೋಸುವ ಅಗತ್ಯವಿಲ್ಲ, ಆ ವಿಭಾಗವನ್ನು ಈ ತಿಂಗಳೇ ಮುಚ್ಚೋಣ ಎಂದಳು. ಬಾಮೈದ ತುಂಬಿದ ಕಣ್ಣಿನಿಂದ ಭಾವನ ಕೈ ಹಿಡಿದುಕೊಂಡ. ಆ ಜನ ಯಾರೂ ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಆದರೆ ಆ ಮಾತು ಹೇಳಿದವನು ನೇರ ಜೈಲಿಗೆ ಹೋಗಬೇಕಿತ್ತು. ಜರಡಿ ತೆರೆದ ಬಾಯನ್ನು ಮುಚ್ಚಿಕೊಂಡ. ಇಷ್ಟು ವರ್ಷ ಕಳ್ಳರನ್ನು ಹಿಡಿದವನಿಗೆ, ಆ ಕಳ್ಳನೂ ಆಟವನ್ನು ದುಡ್ಡು ಕೊಟ್ಟೇ ಕೊಂಡಿರುತ್ತಾನೆ ಎನ್ನುವುದು ಅಲ್ಲಿಯವರೆಗೂ ಹೊಳೆದಿರಲಿಲ್ಲ.